ಚೀಟಿಯ ಮೊದಲ ಸಾಲು

ನಾವು ಎಂಟು ಹತ್ತು ಮಂದಿ ತಿಂಗಳಿಗೊಮ್ಮೆ ಯಾರದಾದರೂ ಮನೆಯ ಹಜಾರದಲ್ಲಿ ಸೇರಿ ಪದ್ಯ ಓದುವ ರೂಢಿ ಇಟ್ಟುಕೊಂಡಿದ್ದೇವೆ. ಓದಿಸುವ ಸರದಿ ಯಾರದೋ ಅವರು ಕವಿಯ ಬಗ್ಗೆ ಅರ್ಧ ಪುಟದ ಚೀಟಿ ಬರೆದು ಜೆರಾಕ್ಸ್ ಮಾಡಿಸಿ ಹಂಚಬೇಕೆಂಬುದು ನಮ್ಮ ನಿಯಮ. ಕಳೆದ ಆಷಾಢದಲ್ಲಿ ನನ್ನ ಸರದಿ ಬಂದಾಗ ಅಮೆರಿಕದ ಏಡಾ ಲಿಮೋನ್ ಅವರನ್ನು ಆರಿಸಿಕೊಂಡೆ. ಚೀಟಿಯ ಮೊದಲ ಸಾಲನ್ನು ಹೆಚ್ಚು ಯೋಚಿಸದೆ, "ಅಮೆರಿಕದ ರಾಷ್ಟ್ರಕವಿಯಾದ ಮೊದಲ ಲ್ಯಾಟಿನಾ" ಎಂದು ಬರೆದೆ (ಲ್ಯಾಟಿನಾ ಎಂದರೆ ಲ್ಯಾಟಿನ್ ಅಮೆರಿಕ ಮೂಲದ ಹೆಂಗಸು); ನಾನು ಓದಿದ್ದ ಎಲ್ಲ ಪರಿಚಯಗಳೂ ಹಾಗೆಯೇ ಶುರುವಾಗುತ್ತಿದ್ದವು. ಅಂದು ಅವರ 'ದಿ ರೈನ್‌ಕೋಟ್' ಪದ್ಯವನ್ನು ಮೊದಲು ಇಂಗ್ಲಿಷಿನಲ್ಲಿ, ಬಳಿಕ ನಾನೇ ಮಾಡಿಕೊಂಡಿದ್ದ ಕನ್ನಡದಲ್ಲಿ ಓದಿದೆ. ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಚೀಟಿಯನ್ನೂ ಪದ್ಯದ ಹಾಳೆಯನ್ನೂ ಅಕ್ಕಪಕ್ಕ ಹಿಡಿದುಕೊಂಡು, "ಅಲ್ಲಮ್ಮಾ, ಈ ಲ್ಯಾಟಿನಾ ಅನ್ನೋದು ಪದ್ಯದಲ್ಲಿ ಎಲ್ಲಿದೆ? ನಾನು ಎರಡು ಸಲ ಹುಡುಕಿದೆ," ಎಂದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದಲ್ಲವೇ ಎಂದು ಏನೋ ಹೇಳಿ ಪಾರಾದೆ. ಮೇಷ್ಟ್ರು ವ್ಯಂಗ್ಯವಾಡಿರಲಿಲ್ಲ, ದತ್ತಾಂಶದಲ್ಲಿ ಕೊಟ್ಟದ್ದನ್ನು ಲೆಕ್ಕದಲ್ಲಿ ಎಲ್ಲಿಯಾದರೂ ಬಳಸಲೇಬೇಕು ಎಂಬುದು ಅವರ ವೃತ್ತಿಯ ಶಿಸ್ತು. ಆ ಪ್ರಶ್ನೆ ಮಾತ್ರ ಅಂದಿನಿಂದ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ನನ್ನನ್ನು ಕಾಡುತ್ತಿದೆ.

ಅಮ್ಮನ ರೈನ್‌ಕೋಟು

ಆ ಪದ್ಯದಲ್ಲಿ ನಡೆಯುವುದು ತೀರಾ ಸ್ವಲ್ಪ. ಬಾಲ್ಯದಲ್ಲಿಯೇ ಬೆನ್ನುಮೂಳೆ ಬಾಗಿದ್ದ ಹುಡುಗಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನೂ ವರ್ಷಗಟ್ಟಲೆ ತೊಡಬೇಕಾದ ಕವಚವನ್ನೂ ಸೂಚಿಸುತ್ತಾರೆ. ತಂದೆತಾಯಿ ಗಾಬರಿಯಿಂದ ಬೇರೆ ದಾರಿ ಹುಡುಕುತ್ತಾರೆ. ನೀವುವವರ ಬಳಿ, ಮೂಳೆ ಕೀಲು ನೋಡುವವರ ಬಳಿ ಕರೆದೊಯ್ಯುತ್ತಾರೆ. ನಿಧಾನವಾಗಿ ಬೆನ್ನು ಸಡಿಲಗೊಂಡು ಉಸಿರಾಟ ಹಗುರಾಗುತ್ತದೆ. ಚಿಕಿತ್ಸೆಗಾಗಿ ತಾಯಿ ಮಗಳನ್ನು ಕೂರಿಸಿಕೊಂಡು 45 ನಿಮಿಷ ಕಾರು ಓಡಿಸುತ್ತಾರೆ, ಮುಗಿದ ಮೇಲೆ ಮತ್ತೆ 45 ನಿಮಿಷ. ದಾರಿಯುದ್ದಕ್ಕೂ ಹಾಡು ಎನ್ನುತ್ತಾರೆ. ಚಿಕಿತ್ಸೆಯಾದ ಮೇಲೆ ನಿನ್ನ ದನಿಯೂ ಬಿಡುಗಡೆಯಾದಂತಿದೆ ಎನ್ನುತ್ತಾರೆ. ಅಮ್ಮನಿಗೆ ಇಷ್ಟವೆಂದುಕೊಂಡು ಮಗಳು ಹಾಡಿದ್ದೇ ಹಾಡಿದ್ದು. ತನ್ನನ್ನು ಕರೆತರಲು ಅಮ್ಮ ಏನೇನು ಬಿಟ್ಟು ಬಂದಳು, ಈ ಕೆಲಸಕ್ಕೆ ಮೊದಲು ಅವಳ ದಿನ ಹೇಗಿತ್ತು ಎಂದು ಒಮ್ಮೆಯೂ ಕೇಳಲಿಲ್ಲ. ಈಗ ಅಮ್ಮನ ಆಗಿನ ವಯಸ್ಸಿಗೆ ಬಂದಿರುವ ಮಗಳು, ಅದೇ ಬೆನ್ನಿಗಾಗಿ ಇನ್ನಾವುದೋ ವೈದ್ಯರನ್ನು ಕಂಡು ತಾನೇ ಕಾರು ಓಡಿಸಿಕೊಂಡು ರೇಡಿಯೋದ ಹಾಡಿಗೆ ದನಿಗೂಡಿಸುತ್ತಾ ಮರಳುತ್ತಿದ್ದಾಗ ಹಠಾತ್ತನೆ ಮಳೆ ಸುರಿಯುತ್ತದೆ. ಯಾವಳೋ ಒಬ್ಬ ತಾಯಿ ತನ್ನ ರೈನ್‌ಕೋಟು ಕಳಚಿ ಪುಟ್ಟ ಮಗಳಿಗೆ ತೊಡಿಸುವುದು ಕಾಣಿಸುತ್ತದೆ. ಇಷ್ಟು ವರ್ಷ ತಾನು ನೆನೆಯದೆ ಉಳಿದದ್ದನ್ನು ಏನೋ ಪವಾಡವೆಂಬಂತೆ ತಿಳಿದಿದ್ದವಳಿಗೆ, ತಾನು ಬದುಕಿಡೀ ಯಾರ ಕೋಟಿನಡಿ ನಿಂತಿದ್ದೆ ಎಂಬುದು ಆಗ ಹೊಳೆಯುತ್ತದೆ.

ಕನ್ನಡಕ್ಕೆ ತರುವಾಗ ನನ್ನ ಮೊದಲ ಕರಡಿನಲ್ಲಿ ರೈನ್‌ಕೋಟು ಇರಲಿಲ್ಲ, ಕೊಪ್ಪೆ ಇತ್ತು. ನಾನು ಮಲೆನಾಡಿನ ಹುಡುಗಿ. ಜೂನ್ ತಿಂಗಳ ಬೆಳಿಗ್ಗೆ ಬಸ್ ನಿಲ್ಲುವ ತಿರುವಿನವರೆಗೆ ನಮ್ಮಮ್ಮ ಕಂಬಳಿಕೊಪ್ಪೆ ಹಾಕಿಕೊಂಡು ಬರುತ್ತಿದ್ದಳು, ಮಳೆ ಜೋರಾದರೆ ಅದನ್ನು ನನ್ನ ತಲೆಗೆ ಹಾಕಿ, ತಾನು ಕೆಸುವಿನ ಎಲೆಯನ್ನೋ ಸೆರಗನ್ನೋ ಹಿಡಿದುಕೊಂಡು ಹಿಂತಿರುಗುತ್ತಿದ್ದಳು. ಒದ್ದೆ ಕಂಬಳಿಯ ಆ ವಾಸನೆಗೆ ಮರುಳಾಗಿ ಕೊಪ್ಪೆ ಎಂದು ಬರೆದುಬಿಟ್ಟಿದ್ದೆ. ಎರಡು ದಿನ ಬಿಟ್ಟು ನೋಡಿದಾಗ ತಪ್ಪು ಕಂಡಿತು. ಕೊಪ್ಪೆ ಒಂದು ತಲೆಯಿಂದ ಇನ್ನೊಂದು ತಲೆಗೆ ಸಲೀಸಾಗಿ ದಾಟುತ್ತದೆ. ರೈನ್‌ಕೋಟಿಗೆ ಗುಂಡಿಗಳಿವೆ, ತೋಳುಗಳಿವೆ. ಮಳೆಯಲ್ಲಿ ನಿಂತು ಅದನ್ನು ಬಿಚ್ಚಿ ಕೊಡುವಷ್ಟರಲ್ಲಿ ಬಿಚ್ಚಿದವಳು ನೆನೆದು ಹೋಗಿರುತ್ತಾಳೆ. ಪದ್ಯದ ತೂಕವೆಲ್ಲ ಆ ಬಿಚ್ಚುವ ಗಳಿಗೆಯಲ್ಲಿದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕ್ಯಾಲಿಫೋರ್ನಿಯದ ಸೊನೋಮಾ ಕಡೆಯ ಆ ತಾಯಿಯನ್ನು ಬದಿಗೆ ಸರಿಸಿ ಅವರ ಜಾಗದಲ್ಲಿ ನಾನು ನಮ್ಮಮ್ಮನನ್ನು ಕೂರಿಸಿದ್ದೆ. ಆ ತಾಯಿಗೆ ತನ್ನದೇ ಹೆಸರಿದೆ, ಸ್ಟೇಸಿಯಾ ಬ್ರೇಡಿ. ಅವರು ಚಿತ್ರ ಕಲಾವಿದೆ, ಮಗಳ ಪುಸ್ತಕಗಳ ಮುಖಪುಟಗಳಲ್ಲಿರುವುದು ಅವರ ವರ್ಣಚಿತ್ರಗಳೇ. ಆ ಸಂಗತಿ ತಿಳಿದ ಮೇಲೆ ಪುಸ್ತಕವನ್ನು ಕೈಗೆತ್ತಿಕೊಂಡಾಗಲೆಲ್ಲ ಒಳಗಿನ ಪದ್ಯಗಳು ಈಗಲೂ ಅಮ್ಮನ ಹೊದಿಕೆಯಡಿಯೇ ಇವೆಯಲ್ಲ ಎನಿಸುತ್ತದೆ. ಆದ್ದರಿಂದ ಕೊಪ್ಪೆಯನ್ನು ಹೊಡೆದುಹಾಕಿ, ನಾವೆಲ್ಲ ಬಾಯಲ್ಲಿ ಹೇಳುವ ರೈನ್‌ಕೋಟನ್ನೇ ಉಳಿಸಿಕೊಂಡೆ.

ತಾಯಿಯ ಕಡೆ ಬ್ರೇಡಿ, ತಂದೆಯ ಕಡೆ ಲಿಮೋನ್. ಮೆಕ್ಸಿಕೊದಿಂದ ಬಂದವರು ತಂದೆಯ ತಂದೆ. ಹೀಗಾಗಿ ರೈನ್‌ಕೋಟಿನ ಪದ್ಯದಲ್ಲಿ ಮೇಷ್ಟ್ರಿಗೆ ಲ್ಯಾಟಿನಾ ಸಿಗದೇ ಹೋದದ್ದಕ್ಕೆ ಸುಲಭದ ವಿವರಣೆಯೊಂದಿದೆ: ಅದು ಇನ್ನೊಂದು ಕಡೆಯ ಕಥೆ. ಆದರೆ ಈ ವಿವರಣೆ ನನಗೇ ಹಿಡಿಸಲಿಲ್ಲ. ಪದ್ಯದ ಮಗಳನ್ನು ತಾಯಿಯ ಪಾಲು, ತಂದೆಯ ಪಾಲು ಎಂದು ಹಿಸ್ಸೆ ಮಾಡಲು ನಾನೇನು ಶ್ಯಾನುಭೋಗಳೇ?

ಕಲಾಪಕ್ಕೆ ಬರುವಾಗ ಮೈಬಣ್ಣ ತನ್ನಿ

ಚೀಟಿ ಬರೆದ ಮೇಲೆ ಓದಿದ್ದೋ, ಮೊದಲೇ ಓದಿ ಅರ್ಥವಾಗದೆ ಬಿಟ್ಟಿದ್ದೋ, 2018ರ ಲಿಮೋನ್ ಅವರ ಸಂಕಲನ 'ದಿ ಕ್ಯಾರಿಯಿಂಗ್'ನಲ್ಲಿ ಒಂದು ಪದ್ಯವಿದೆ. ಅದರ ಶೀರ್ಷಿಕೆಯನ್ನು ಸರಿಸುಮಾರಾಗಿ 'ಸಂವಾದವು ದ್ವಿಭಾಷೆಯಲ್ಲಿರಬೇಕೆಂದು ಕರಾರಿನಲ್ಲಿದೆ' ಎನ್ನಬಹುದು. ಮಾತಾಡುವವರು ಯಾವುದೋ ಸಾಹಿತ್ಯ ಕಾರ್ಯಕ್ರಮದ ಸಂಘಟಕರು, ಕೇಳಿಸಿಕೊಳ್ಳುವವರು ಅತಿಥಿಯಾಗಿ ಬರಲಿರುವ ಕವಯಿತ್ರಿ. ಬರುವಾಗ ನಿಮ್ಮ ಕಂದು ಮೈಬಣ್ಣವನ್ನೂ ತನ್ನಿ, ಹಣ ಕೊಡುವವರಿಗೆ ಸಮಾಧಾನವಾಗಬೇಕು. ಅನುದಾನದ ಅರ್ಜಿಯಲ್ಲಿ ಈ ಚೌಕದಲ್ಲಿ ಗುರುತು ಹಾಕುತ್ತೀರಾ? ದಾರಿತಪ್ಪಿದ ಹದಿಹರೆಯದವರಿಗೆ ಹಿಡಿಸುವ ಪದ್ಯ ಇದೆಯೇ? ನಮಗೆ ಕಸಿವಿಸಿಯಾಗುವ ಕಥೆ ಹೇಳಿ, ಆದರೆ ಅದರಲ್ಲಿ ನಮ್ಮ ಪಾಲಿದೆ ಎನಿಸಬಾರದು. ನೀವು ಥೇಟ್ ನಮ್ಮಂತೆಯೇ ಇರುವ ಪದ್ಯವನ್ನು ಮಾತ್ರ ಓದಬೇಡಿ; ಹಸಿರು ಬಣ್ಣದ ಮನೆ, ಕೈತೋಟ, ಮಣ್ಣಲ್ಲಿ ಕೂತು ಟೊಮೆಟೊ ಕಿತ್ತು ತಿಂದದ್ದು ಅದೆಲ್ಲ ಬೇಡ.

ಅವರಿಗೆ ಬೇಕಾದ್ದು ಅಪ್ಪನ ಕಥೆ. ನಿಮ್ಮ ಕುಲದವರು ಕಾರಿನ ಚಕ್ರದ ಮುಚ್ಚಳ ಕದಿಯುವವರಲ್ಲವೇ ಎಂದು ಸಹೋದ್ಯೋಗಿಯೊಬ್ಬ ಅಂದಾಗ, ಅಪ್ಪ ಅವನದೇ ಕಾರಿನ ಮುಚ್ಚಳಗಳನ್ನು ಎಗರಿಸಿ, ಮೆಕ್ಸಿಕೊ ಕಡೆಯ ಹೊದಿಕೆಯಾದ ಪೊಂಚೊ ಹೊದ್ದುಕೊಂಡು ಸಭೆಗೆ ಬಂದು, ಅವನಿಗೇ ಅವುಗಳನ್ನು ಮಾರಲು ಹೋದ ಕಥೆ. ನನಗೆ ತಿಳಿದ ಮಟ್ಟಿಗೆ ಅವಮಾನಕ್ಕೆ ಇಷ್ಟು ಚೆಂದದ ಉತ್ತರ ಬೇರೆಯಿಲ್ಲ. ಆದರೆ ಸಂಘಟಕರು ಅದನ್ನು ಕೇಳುವ ಬಗೆ ಬೇರೆ: ಅಪ್ಪ ಉಪಾಧ್ಯಾಯರು, ಇಂಗ್ಲಿಷ್ ಮಾತಾಡುತ್ತಿದ್ದರು, ಮನೆಯಲ್ಲಿ ಬಿಯರ್ ಮಾಡುತ್ತಿದ್ದರು, ಬೇಸ್‌ಬಾಲ್ ಎಂದರೆ ಪ್ರಾಣ ಎಂಬುದನ್ನೆಲ್ಲ ಹೇಳಬೇಡಿ, ಆ ಪೊಂಚೊ, ಆ ಮುಚ್ಚಳಗಳನ್ನೇ ಇನ್ನೊಮ್ಮೆ ಹೇಳಿ ಎಂದು ದುಂಬಾಲು ಬೀಳುತ್ತಾರೆ. ಯಾವುದನ್ನು ತಾನು ಮಾಡುವವನಲ್ಲ ಎಂದು ತೋರಿಸಹೊರಟಿದ್ದರೋ ಅದನ್ನೇ ಮಾಡಿದ ಮನುಷ್ಯನಾಗಿ ಅಪ್ಪ ಅವರಿಗೆ ಬೇಕು. (ನಡುವೆ ಪೋಷಕರು ಎಂಬರ್ಥದ ಇಂಗ್ಲಿಷ್ ಪದವನ್ನು ಒಂದು ಟಕೀಲಾದ ಹೆಸರಿನ ಜೊತೆ ಕೂರಿಸಿ ಆಡುವ ಚೇಷ್ಟೆಯೊಂದಿದೆ, ಕನ್ನಡದಲ್ಲಿ ಅದು ಸತ್ತೇ ಹೋಗುತ್ತದೆ, ನಾನು ಪ್ರಯತ್ನ ಬಿಟ್ಟೆ.)

ಆ ಪದ್ಯ ಓದಿ ನನ್ನ ಚೀಟಿಯ ಮೊದಲ ಸಾಲನ್ನು ನೋಡಿಕೊಂಡೆ. ಚೌಕದಲ್ಲಿ ಗುರುತು ನಾನೇ ಹಾಕಿಟ್ಟಿದ್ದೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಹೊರಗಿನ ಬರಹಗಳಲ್ಲಿ ಅವರ ವಾಕ್ಯಗಳಿಗಿಂತ ಮೊದಲು ಅವರ ಗುರುತುಚೀಟಿಗಳೇ ಕಾಣಿಸುತ್ತವಲ್ಲ ಎಂದು ಗೊಣಗಿದ್ದವಳೂ ನಾನೇ.

ಆ ಸಾಲಿನ 'ರಾಷ್ಟ್ರಕವಿ'ಯೂ ಸರಿಯಾದ ಪದವಲ್ಲ. ಗೋವಿಂದ ಪೈ, ಕುವೆಂಪು, ಜಿ.ಎಸ್. ಶಿವರುದ್ರಪ್ಪ ಈ ಮೂವರ ಹೆಸರಿನ ಹಿಂದೆ ಕೇಳಿ ಕೇಳಿ ನಮಗದು ಜೀವಮಾನದ ಬಿರುದು. ಅಲ್ಲಿಯ 'ಪೊಯೆಟ್ ಲಾರಿಯೆಟ್' ಅವಧಿಯುಳ್ಳ ಹುದ್ದೆ. 1937ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಕಾವ್ಯ ಸಲಹೆಗಾರರೆಂದು ಶುರುವಾದದ್ದು. ನೇಮಿಸುವವರು ಅಧ್ಯಕ್ಷರಲ್ಲ, ಆ ಗ್ರಂಥಾಲಯದ ಮುಖ್ಯಸ್ಥರು. 2022ರ ಜುಲೈಯಲ್ಲಿ ಆಗಿನ ಮುಖ್ಯಸ್ಥೆ ಕಾರ್ಲಾ ಹೇಡನ್ ಅವರು ಲಿಮೋನ್ ಅವರನ್ನು 24ನೆಯವರಾಗಿ ಆರಿಸಿದರು, ಮರುವರ್ಷ ಇನ್ನೆರಡು ವರ್ಷ ಮುಂದುವರಿಸಿದರು, 2025ರ ಏಪ್ರಿಲಿನಲ್ಲಿ ಅವಧಿ ಮುಗಿಯಿತು. 'ಮೊದಲ' ಎಂಬುದಕ್ಕೂ ಬಾಲ ಕಟ್ಟಬೇಕಾಗುತ್ತದೆ: ಲ್ಯಾಟಿನ್ ಅಮೆರಿಕ ಮೂಲದವರೇ ಆದ ಹ್ವಾನ್ ಫೆಲಿಪೆ ಎರೇರಾ 2015ರಲ್ಲಿಯೇ ಆ ಹುದ್ದೆಗೆ ಬಂದಿದ್ದರು, ಆದ್ದರಿಂದ ಇವರು ಆ ಮೂಲದವರಲ್ಲಿ ಮೊದಲ ಮಹಿಳೆ.

ಹಾಗೆಂದು ಆ ಗುರುತನ್ನೇ ಅಳಿಸಿಬಿಟ್ಟರೆ ಸರಿಹೋಗುತ್ತದೆಯೇ ಎಂದರೆ ಅದೂ ಇಲ್ಲ. ಅಳಿಸಲು ಲಿಮೋನ್ ಒಪ್ಪಿಲ್ಲ. ಹೆಸರಿನ ಓ ಅಕ್ಷರದ ಮೇಲಿನ ಒತ್ತುಗೆರೆಯನ್ನು ಅವರು ಬಿಟ್ಟುಕೊಟ್ಟಿಲ್ಲ. (ಕನ್ನಡದ 'ಮೋ' ಆ ಗೆರೆಯ ಕೆಲಸವನ್ನು ದೀರ್ಘದಿಂದಲೇ ಮುಗಿಸುತ್ತದೆ. ಸ್ಪ್ಯಾನಿಶ್ ಮಾತಿಗೆ ನಮ್ಮ ಲಿಪಿ ಇಂಗ್ಲಿಷಿಗಿಂತ ಉದಾರಿ.) 2017ರಲ್ಲಿ ಅವರೂ ನಟಾಲಿ ಡಿಯಾಸ್ ಎಂಬ, ಮೊಹಾವೆ ಮೂಲನಿವಾಸಿ ಬುಡಕಟ್ಟಿನ, ಲ್ಯಾಟಿನಾ ಕೂಡ ಆದ ಕವಯಿತ್ರಿಯೂ ತಿಂಗಳುಗಟ್ಟಲೆ ಪದ್ಯಗಳಲ್ಲಿಯೇ ಪತ್ರ ಬರೆದುಕೊಂಡರು. ಆ ಪತ್ರಗಳಲ್ಲಿ ಮೈಬಣ್ಣವಿದೆ, ನೆಲವಿದೆ, ಪೂರ್ವಿಕರಿದ್ದಾರೆ. ಆದರೆ ಅವುಗಳನ್ನು ವಿವರಿಸಿ ಹೇಳಬೇಕಾದ ಮೂರನೆಯವರು ಕೋಣೆಯಲ್ಲಿಲ್ಲ. ಗುರುತು ಅಲ್ಲಿ ಮನೆಯ ಪಾತ್ರೆಯಂತೆ ದಿನಬಳಕೆಯಲ್ಲಿದೆ, ಪ್ರದರ್ಶನದ ಕಪಾಟಿನಲ್ಲಿಲ್ಲ. ಸಂಘಟಕರ ಪದ್ಯದ ಸಿಟ್ಟು ಗುರುತಿನ ಮೇಲಲ್ಲ, ಆ ಕಪಾಟಿನ ಮೇಲೆ.

ಹೊರುವ ಕೆಲಸ

ಲಿಮೋನ್ ಅವರ ಬದುಕಿನ ವಿವರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1976ರಲ್ಲಿ ಸೊನೋಮಾದಲ್ಲಿ ಹುಟ್ಟು. ಓದಿದ್ದು ಮೊದಲು ರಂಗಭೂಮಿ, ಬಳಿಕ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಾವ್ಯ. ಆ ನಗರದಲ್ಲಿಯೇ ಪತ್ರಿಕೆಗಳ ನೌಕರಿ, 2006ರಲ್ಲಿ ಮೊದಲೆರಡು ಸಂಕಲನಗಳು. 2010ರಲ್ಲಿ ಮಲತಾಯಿ ಕ್ಯಾನ್ಸರಿನಿಂದ ತೀರಿಕೊಂಡ ನಂತರ ನೌಕರಿ ಬಿಟ್ಟು ಬರವಣಿಗೆಗೇ ನಿಂತರು. ಕುದುರೆಗಳ ನಾಡಾದ ಕೆಂಟಕಿಯ ಲೆಕ್ಸಿಂಗ್ಟನ್‌ಗೆ ಬಂದು ನೆಲೆಸಿದರು. 2015ರ 'ಬ್ರೈಟ್ ಡೆಡ್ ಥಿಂಗ್ಸ್' ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಪಟ್ಟಿಗೆ ಬಂತು. 'ದಿ ಕ್ಯಾರಿಯಿಂಗ್'ಗೆ ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್ ಪ್ರಶಸ್ತಿ ಸಿಕ್ಕಿತು. 2023ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು.

'ದಿ ಕ್ಯಾರಿಯಿಂಗ್' ಎಂಬ ಹೆಸರನ್ನು ನಾನು ಬಹಳ ದಿನ ಬಾಯಲ್ಲಿ ಉರುಳಿಸಿ ನೋಡಿದೆ. ಆ ಹೆಸರು ಯಾಕೆ ಎಂಬುದಕ್ಕೆ ರಣಹದ್ದಿನ ಪದ್ಯವನ್ನು ಓದಬೇಕು. ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿರುವ ಹೆಂಗಸು ಹೆದ್ದಾರಿಯಲ್ಲಿ ಆಸ್ಪತ್ರೆಯತ್ತ ಕಾರು ಓಡಿಸುತ್ತಿದ್ದಾಳೆ. ದಾರಿಬದಿಯಲ್ಲಿ ಐದು ಸತ್ತ ಪ್ರಾಣಿಗಳು ಎದುರಾಗುತ್ತವೆ. ಮೊದಲು ನಾಲ್ಕೂ ಕಾಲು ಆಕಾಶಕ್ಕೆತ್ತಿ ಬಿದ್ದಿರುವ ರಕೂನ್. ಆಮೇಲೆ ರಸ್ತೆಯ ಸಿಮೆಂಟ್ ತಡೆಗೋಡೆಗೆ ಒರಗಿದಂತಿರುವ, ಹೊಂಬಣ್ಣದ ತುಪ್ಪಳದ ಕಯೋಟಿ ತೋಳ. ಆಮೇಲೆ ಸ್ವಲ್ಪ ಸ್ವಲ್ಪ ದೂರದಲ್ಲಿ ಮೂರು ಜಿಂಕೆಗಳು, ಅವು ಒಂದೇ ಕುಟುಂಬದವೆಂದು ದಾಟಿ ಹೋಗುವಾಗ ಹೊಳೆಯುತ್ತದೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುತ್ತಾ ವೈದ್ಯ, ಎಲ್ಲ ಚೆನ್ನಾಗಿ ಬರುತ್ತಿದೆ, ಏನಾದರೂ ಕೇಳುವುದಿದೆಯೇ ಎನ್ನುತ್ತಾನೆ. ಆ ಸತ್ತ ಪ್ರಾಣಿಗಳ ವಿಷಯ ಏನು ಎಂದು ಕೇಳಬೇಕೆನಿಸುತ್ತದೆ, ಕೇಳುವುದಿಲ್ಲ. ಅವನು ಪಾದರಸದಂತೆ ಜಾರಿಹೋಗಿರುತ್ತಾನೆ. ಮರಳುವಾಗ ತಲೆಯ ಮೇಲೆ ರಣಹದ್ದೊಂದು ಹಾರುತ್ತದೆ, ಅವಳು ಸರಿಯಾಗಿ ಶೋಕಿಸದೇ ಬಂದ ಆ ಕಳೇಬರಗಳ ಕಡೆಗೆ. ಮಗುವಿನ ಬದಲು ದುಃಖವನ್ನು ಹೊರುವುದೇ ನನ್ನ ಪಾಲಿನದಾಗಿದ್ದರೆ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ.

ಇಂಗ್ಲಿಷಿನ ಆ ಕ್ರಿಯಾಪದಕ್ಕೆ ಕನ್ನಡದ 'ಹೊರು' ಎದುರಾಗಿ ನಿಂತಾಗ ನನಗೆ ರೋಮಾಂಚನವಾಯಿತು. ನಾವು ಬಸಿರು ಹೊರುತ್ತೇವೆ, ಹೊರೆ ಹೊರುತ್ತೇವೆ, ಹೆಣ ಹೊರುತ್ತೇವೆ. ಮಗುವಾಗಲಿಲ್ಲವೆಂದು ದೇವರಿಗೆ ಹೊರುವುದೂ ಹರಕೆಯನ್ನೇ. ಆ ಹೆದ್ದಾರಿಯ ಪ್ರಯಾಣದಲ್ಲಿ ಈ ನಾಲ್ಕೂ ಇವೆ. ಕೊಪ್ಪೆಯ ವಿಷಯದಲ್ಲಿ ನನಗೆ ಮೋಸ ಮಾಡಿದ ಭಾಷೆಯೇ ಇಲ್ಲಿ ತಾನಾಗಿ ಮುಂದೆ ಬಂದು ಕೈಕೊಟ್ಟಿತು. ಕೈಕೊಟ್ಟಿತು ಎಂದರೆ ಆಸರೆ ಕೊಟ್ಟಿತು ಎಂಬ ಹಳೆಯ ಅರ್ಥದಲ್ಲಿ. ಆ ಪದ್ಯದ ಮುಂದೆ ಮೇಷ್ಟ್ರ ಪ್ರಶ್ನೆಯನ್ನು ಇಟ್ಟು ನೋಡಿದೆ. ಲ್ಯಾಟಿನಾ ಇಲ್ಲೂ ಎಲ್ಲೂ ಬರೆದಿಲ್ಲ. ಆದರೆ ನಿನ್ನ ದೇಹ ಯಾತಕ್ಕಾಗಿ ಇದೆ ಎಂದು ಬೇರೆಯವರು ಮೊದಲೇ ತೀರ್ಮಾನಿಸಿರುವ ಕೋಣೆಗೆ ಹೋಗಿ ಬರುವ ಅನುಭವ ಸಂಘಟಕರ ಪದ್ಯದಲ್ಲಿಯೂ ಇದೆ, ಇಲ್ಲಿಯೂ ಇದೆ. ಎರಡೂ ಕಡೆ ಅವಳಿಗೆ ಹೇಳಬೇಕಾದ್ದು ಬೇರೇನೋ, ಕೇಳುವವರಿಗೆ ಬೇಕಾದ್ದು ಮತ್ತೇನೋ.

ಒಳಮುಖವಾಗಿ ಕೆತ್ತಿದ ಪದ್ಯ

ಲಿಮೋನ್ ಅವರ ಹೆಸರು ಹೆಚ್ಚು ಜನರಿಗೆ ತಿಳಿದದ್ದು ಗುರುಗ್ರಹದ ಉಪಗ್ರಹ ಯುರೋಪಾದತ್ತ ನಾಸಾ ಕಳಿಸಿದ ನೌಕೆಯಿಂದ. ಆ ಉಪಗ್ರಹದ ಹಿಮದ ಹೊರಪದರದಡಿ ಭೂಮಿಯ ಎಲ್ಲ ಸಾಗರಗಳಲ್ಲಿರುವುದರ ಎರಡರಷ್ಟು ನೀರಿರಬಹುದೆಂದು ವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ನೌಕೆಯ ಜೊತೆ ಹೋಗಲೆಂದು ಲಿಮೋನ್ ಬರೆದ 21 ಸಾಲಿನ ಪದ್ಯವನ್ನು ಅವರದೇ ಕೈಬರಹದಲ್ಲಿ ಟ್ಯಾಂಟಲಮ್ ಲೋಹದ ಫಲಕದ ಮೇಲೆ ಕೆತ್ತಿದ್ದಾರೆ. 2024ರ ಅಕ್ಟೋಬರ್ 14ರಂದು ಹೊರಟ ನೌಕೆ ಗುರುವನ್ನು ತಲುಪುವುದು 2030ರ ಏಪ್ರಿಲಿನಲ್ಲಿ. ಫಲಕ ಒಂದು ಮಿಲಿಮೀಟರ್ ದಪ್ಪ, ವಿಕಿರಣದಿಂದ ಯಂತ್ರಗಳನ್ನು ಕಾಯುವ ಪೆಟ್ಟಿಗೆಯ ಬಾಗಿಲಿನಂತೆ ಕೂತಿದೆ. ಹೊರಮೈಯಲ್ಲಿ 103 ಭಾಷೆಗಳಲ್ಲಿ ನೀರು ಎಂಬ ಪದದ ಧ್ವನಿತರಂಗಗಳ ಗೆರೆಗಳು, ಪದ್ಯವಿರುವುದು ಒಳಮೈಯಲ್ಲಿ. ಕೋಟ್ಯಂತರ ಕಿಲೋಮೀಟರ್ ಹೋಗುವ ಪದ್ಯ ಪೆಟ್ಟಿಗೆಯೊಳಗಿನ ಕತ್ತಲಿಗೆ ಮುಖ ಮಾಡಿಕೊಂಡಿದೆ ಎಂಬುದು ನನಗೆ ಬಹಳ ಹಿಡಿಸಿತು.

ಆ ಪದ್ಯದ ಮುಖ್ಯ ಪಾತ್ರ 'ನಾವು'. ನಮ್ಮನ್ನು ಒಂದುಗೂಡಿಸುವುದು ಕತ್ತಲಲ್ಲ, ಬಾಹ್ಯಾಕಾಶದ ತಣ್ಣನೆಯ ದೂರವಲ್ಲ, ನೀರು ಎನ್ನುತ್ತದೆ. ಮಳೆಯ ಹನಿ, ತೊರೆ, ನಾಡಿಯ ಮಿಡಿತ, ರಕ್ತನಾಳ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ, ನಾವೂ ನೀರಿನಿಂದಾದವರೇ ಎಂದು ಆ ಉಪಗ್ರಹವನ್ನು ಕರೆಯುತ್ತದೆ. ಈ 'ನಾವು' ಯಾರು? ತೆಲುಗಿಗೋ ತಮಿಳಿಗೋ ಅನುವಾದಿಸುವವರು ಇಲ್ಲಿ ನಿಲ್ಲಲೇಬೇಕು. ಕೇಳುವವರನ್ನು ಸೇರಿಸಿಕೊಂಡ ನಾವು ಬೇರೆ, ಬಿಟ್ಟ ನಾವು ಬೇರೆ. ಯುರೋಪಾವನ್ನು ಉದ್ದೇಶಿಸಿ ಹೇಳುವಾಗ ಅದನ್ನು ಒಳಗೆ ಸೇರಿಸಿಕೊಳ್ಳಬೇಕೇ ಬೇಡವೇ ಎಂದು ಅವರು ತೀರ್ಮಾನಿಸಬೇಕು. ಇಂದಿನ ಕನ್ನಡದಲ್ಲಿ ಒಂದೇ 'ನಾವು' ಇದೆ, ನನಗೆ ಆ ಕಷ್ಟ ಬರಲಿಲ್ಲ. ಕಷ್ಟ ಬಂದಿದ್ದರೆ ಒಳ್ಳೆಯದಿತ್ತೇನೋ. ಯಾರನ್ನೂ ಹೊರಗಿಡದ ಈ 'ನಾವು' ನನಗೆ ಸ್ವಲ್ಪ ಸಲೀಸೆನಿಸುತ್ತದೆ. ಸಂಘಟಕರ ಪದ್ಯದ 'ನಾವು' ಎಷ್ಟು ಚೂಪಾಗಿತ್ತೆಂದರೆ ಅದರ ಮುಂದೆ ಇದು ಆಶೀರ್ವಾದದಂತೆ ಕೇಳಿಸುತ್ತದೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಹೋದ ಚಿನ್ನದ ಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿದ್ದವು, ಕನ್ನಡಿಗರ ಪರವಾಗಿ ಒಂದು ದನಿಯೂ ಅಲ್ಲಿತ್ತು. 'ಕನ್ನಡಿಗರ ಪರವಾಗಿ' ಎಂಬಲ್ಲಿ ಗುರುತಿದೆ. ಲಿಮೋನ್ ಅವರ ಫಲಕದ ಪದ್ಯದಲ್ಲಿ ಯಾರ ಪರವಾಗಿ ಎಂಬುದು ಇಲ್ಲವೇ ಇಲ್ಲ. ಚೌಕದಲ್ಲಿ ಗುರುತು ಹಾಕಿ ಹಾಕಿ ಬೇಸತ್ತವರಿಗೆ ಯಾರ ಪರವಾಗಿಯೂ ಅಲ್ಲದೆ ಒಮ್ಮೆ ಮಾತಾಡುವ ಅವಕಾಶ ಭೂಮಿಯಾಚೆಗೆ ಸಿಕ್ಕಿತೇ ಎಂದು ಯೋಚಿಸಿದಾಗ ನನ್ನ ಆಕ್ಷೇಪ ಅರ್ಧಕ್ಕರ್ಧ ಕರಗಿತು.

ಹುದ್ದೆಯ ಇನ್ನೊಂದು ಕೆಲಸದಲ್ಲಿ ಅವರು ತಮ್ಮ ಪದ್ಯವನ್ನೇ ಇಡಲಿಲ್ಲ. ಏಳು ರಾಷ್ಟ್ರೀಯ ಉದ್ಯಾನಗಳಲ್ಲಿ ಜನ ಕೂತು ಬುತ್ತಿ ಬಿಚ್ಚುವ ಮೇಜುಗಳ ಮೇಲೆ ಬೇರೆ ಕವಿಗಳ ಪದ್ಯಗಳನ್ನು ಹಾಕಿಸಿದರು. ಅರಿಜೋನಾದ ಸಗ್ವಾರೊ ಉದ್ಯಾನದಲ್ಲಿರುವುದು ಒಫೀಲಿಯಾ ಸೆಪೇಡಾ ಅವರು ಅಲ್ಲಿನ ಮೂಲನಿವಾಸಿಗಳ ಓಧಮ್ ಭಾಷೆಯಲ್ಲಿ ಬರೆದ ಮೋಡದ ಹಾಡು.

ಮರುತಿಂಗಳು ಸರದಿ ಬೇರೆಯವರದು. ಆದರೂ ನಾನು ಹೊಸ ಚೀಟಿ ಮಾಡಿಸಿಕೊಂಡು ಹೋಗಿದ್ದೆ. ಮೊದಲ ಸಾಲಿನಲ್ಲಿ ಬೆನ್ನುಮೂಳೆ, ಅಮ್ಮನ ವರ್ಣಚಿತ್ರಗಳು. ಲ್ಯಾಟಿನಾ ಬಂದದ್ದು ನಾಲ್ಕನೆಯ ಸಾಲಿನಲ್ಲಿ, ಚಕ್ರದ ಮುಚ್ಚಳ ಎತ್ತಿದ ಅಪ್ಪನ ಜೊತೆಗೆ. ಮೇಷ್ಟ್ರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಹಳೆಯ ಚೀಟಿಯನ್ನು ಹೊರತೆಗೆದರು. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಲೆಕ್ಕ ಮಾಡಿದ್ದರು: ಹೋಗಲು 45, ಬರಲು 45, ನೀವಿಸಿಕೊಳ್ಳಲು 60 ಎಂದು ಹಿಡಿದರೆ ಒಟ್ಟು 150 ನಿಮಿಷ. "ವಾರಕ್ಕೆ ಎಷ್ಟು ಸಲ ಹೋಗ್ತಿದ್ರು ಅಂತ ಎಲ್ಲಾದ್ರೂ ಬರೆದಿದ್ದಾಳೇನಮ್ಮಾ? ಎಷ್ಟು ವರ್ಷ?" ಎಂದು ಕೇಳಿದರು. ಪದ್ಯದಲ್ಲಿ ಇಲ್ಲ ಮೇಷ್ಟ್ರೇ ಎಂದೆ. ಅವರು 150ರ ಪಕ್ಕದಲ್ಲಿ ಗುಣಾಕಾರದ ಗುರುತು ಹಾಕಿ, ಮುಂದೆ ಒಂದು ಚೌಕ ಬರೆದು, ಅದನ್ನು ಖಾಲಿ ಬಿಟ್ಟು ಚೀಟಿಯನ್ನು ನನ್ನ ಕೈಗೆ ಕೊಟ್ಟರು.